ಹೆಂಡತಿಯ ಬ್ಲೂ ಕಾರ್ಡು, ಗಂಡನ ಗೊಜ್ಜು

ಜರ್ಮನಿಗೆ ಹೆಂಡತಿಯ ಹಿಂದೆ ಹೋದ ಗಂಡನಿಗೆ ಅಲ್ಲಿನ ಸರ್ಕಾರ ಒಂದು ಪ್ಲಾಸ್ಟಿಕ್ ಕಾರ್ಡು ಕೊಡುತ್ತದೆ. ಫೋಟೊದಲ್ಲಿ ಅವನು ಜೇಬುಗಳ್ಳನ ಹಾಗೆ ಕಾಣುತ್ತಾನೆ, ಅದು ಬೇರೆ ಮಾತು. ಮುಖ್ಯವಾದದ್ದು ಅದರ ಮೇಲಿನ ಒಂದು ಸಾಲಿನ ಷರಾ: ಈತ ದುಡಿದು ಸಂಪಾದಿಸಬಹುದು. ಸಂಬಳಕ್ಕೆ ಸೇರಬಹುದು, ಸ್ವಂತ ಕಸುಬು ಮಾಡಬಹುದು, ಬೇಕಾದರೆ ಎರಡನ್ನೂ ಮಾಡಬಹುದು. ವಿದೇಶಿಯರ ಕಚೇರಿಗೆ ಹೋಗಿ ಇನ್ನೊಮ್ಮೆ ಅಪ್ಪಣೆ ಕೇಳಬೇಕಿಲ್ಲ.

ಇದೇನು ಸಣ್ಣ ಔದಾರ್ಯವಲ್ಲ. ಅಮೆರಿಕಕ್ಕೆ ಎಚ್-4 ವೀಸಾದಲ್ಲಿ ಹೋದವರನ್ನು ಕೇಳಿ ನೋಡಿ. 2015ರ ಮೇ ತಿಂಗಳವರೆಗೆ ಎಚ್-1ಬಿ ಎಂಬ ಕೆಲಸದ ವೀಸಾದವರ ಸಂಗಾತಿಗಳು ಆ ವೀಸಾದ ಮೇಲೆ ಕೆಲಸ ಮಾಡುವಂತೆಯೇ ಇರಲಿಲ್ಲ. ಆಮೇಲೂ ಸಂಗಾತಿಯ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ ಪರವಾನಗಿ. ಎಂ.ಟೆಕ್ ಮಾಡಿದ ಹೆಣ್ಣುಮಕ್ಕಳು ಅಲ್ಲಿ ವರ್ಷಗಟ್ಟಲೆ ಚಪಾತಿ ಲಟ್ಟಿಸುತ್ತ ಕೂತಿದ್ದಾರೆ. ಆ ಚಪಾತಿಯನ್ನು ಪಕ್ಕದ ಮನೆಯವರಿಗೆ ದುಡ್ಡಿಗೆ ಕೊಟ್ಟರೂ ಕಾನೂನುಭಂಗ. ಅವರ ಮುಂದೆ ನಮ್ಮದು ರಾಜಯೋಗ.

ಇನ್ನೊಂದು ತಮಾಷೆ ಇದೆ. ಬ್ಲೂ ಕಾರ್ಡು ಎಂಬ ಕೆಲಸದ ಪರವಾನಗಿ ಸಿಗಬೇಕಾದರೆ ನನ್ನ ಹೆಂಡತಿ ಪದವಿ ತೋರಿಸಬೇಕು, ವರ್ಷಕ್ಕೆ ಇಷ್ಟು ಸಂಬಳ ಎಂಬ ಒಪ್ಪಂದ ತೋರಿಸಬೇಕು. 2025ರ ಲೆಕ್ಕದಲ್ಲಿ ಅದು 48,300 ಯೂರೋ ಇತ್ತು, ಜನ ಸಿಗದ ಕೆಲವು ಕೆಲಸಗಳಿಗೆ ಕೊಂಚ ಕಡಿಮೆ. ಇಷ್ಟೆಲ್ಲ ತೋರಿಸಿ ಬಂದವಳು ಕಂಪನಿಯ ಕೆಲಸ ಮಾತ್ರ ಮಾಡಬೇಕು. ಶನಿವಾರ ಸಂಜೆ ನಾಲ್ಕು ಜನಕ್ಕೆ ದುಡ್ಡು ತಗೊಂಡು ವೀಣೆ ಹೇಳಿಕೊಡೋಣ ಎಂದರೆ ಪ್ರತ್ಯೇಕ ಅನುಮತಿ ಕೇಳಬೇಕು. ನಾನು ಏನೂ ತೋರಿಸಲಿಲ್ಲ, ಮದುವೆಯ ಸರ್ಟಿಫಿಕೇಟೊಂದನ್ನು ಬಿಟ್ಟು. ಬ್ಲೂ ಕಾರ್ಡಿನವರ ಸಂಗಾತಿ ಎಂಬ ಕಾರಣಕ್ಕೆ ಜರ್ಮನ್ ಭಾಷೆಯ ಆರಂಭಿಕ ಪರೀಕ್ಷೆಯೂ ನನಗೆ ಮಾಫಿಯಾಯಿತು. ದೇಶಕ್ಕೆ ಬೇಕೆಂದು ಕರೆಸಿಕೊಂಡವಳಿಗೆ ಕಟ್ಟುಪಾಡು, ಅವಳ ಲಗೇಜಿನ ಜೊತೆ ಬಂದವನಿಗೆ ಸ್ವಾತಂತ್ರ್ಯ.

ಊರಿನಲ್ಲಿ ಇದನ್ನು ಯಾರೂ ಸ್ವಾತಂತ್ರ್ಯ ಅಂತ ತಿಳಿಯಲಿಲ್ಲ. ಮನೆ ಅಳಿಯ ಎಂಬ ಹಳೆಯ ಬಿರುದಿಗೆ ಈಗ ವೀಸಾ ಅಳಿಯ ಎಂಬ ಹೊಸ ಆವೃತ್ತಿ ಬಂದಿದೆ. ಸೋದರಮಾವ ಫೋನಿನಲ್ಲಿ ಕೇಳುತ್ತಾರೆ: "ಅಲ್ಲೇನು ಮಾಡ್ಕೊಂಡಿದ್ದೀಯೋ?" ನಾನು ಹೇಳುತ್ತೇನೆ: "ಫ್ರೀಲಾನ್ಸ್ ಶುರು ಮಾಡ್ತಿದ್ದೀನಿ, ಮಾವ. ಅನುವಾದ, ಫೋಟೊ, ಒಂದಿಷ್ಟು ಪಾಠ." ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ: "ಹಾಗಂದ್ರೆ ಮನೇಲೇ ಇದ್ದೀಯ ಅನ್ನು."

ಗಂಡಸಿಗ್ಯಾಕೆ ಗೌರಿ ದುಃಖ ಎನ್ನುತ್ತಾರಲ್ಲ, ಆ ಗೌರಿ ದುಃಖ ನನಗೆ ಬಂದ ಕೂಡಲೇ ಅದು ಅಂಕಣದ ವಸ್ತುವಾಯಿತು. ಹೀಗೆ ಸಂಗಾತಿಯ ವೀಸಾದ ಮೇಲೆ ಹೋದ ಹೆಂಗಸರನ್ನು ಬೆಂಗಳೂರಿನ ಪ್ರತಿ ಅಪಾರ್ಟ್‌ಮೆಂಟಿನ ನೆಂಟರಿಷ್ಟರ ಪಟ್ಟಿಯಲ್ಲಿ ಕಾಣಬಹುದು. ಅವರ ವಿಷಯದಲ್ಲಿ "ಅಲ್ಲೇನು ಮಾಡ್ಕೊಂಡಿದ್ದಾಳೆ" ಎಂದು ಸೋದರಮಾವ ಕೇಳುವುದಿಲ್ಲ. "ಸೆಟ್ಲ್ ಆದಳು" ಎನ್ನುತ್ತಾರೆ.

ಇರಲಿ, ಕೆಲಸಕ್ಕೆ ಬರೋಣ. ದುಡಿಯಬಹುದು ಎಂದು ಕಾರ್ಡು ಹೇಳಿತು. ದುಡಿಯುವವನು ಯಾವ ಜಾತಿ ಎಂದು ತೆರಿಗೆ ಕಚೇರಿ ಕೇಳಿತು.

ಜಾತಿ ಪದ್ಧತಿ ನಮ್ಮ ಸ್ವಂತ ಸಂಶೋಧನೆ ಎಂಬ ಜಂಬ ನನಗೂ ಇತ್ತು. ಜರ್ಮನಿಯಲ್ಲಿ ಸ್ವಂತ ಕೆಲಸ ಮಾಡುವವರಲ್ಲಿ ಎರಡು ವರ್ಣ. ಫ್ರೈಬೆರೂಫ್ಲರ್ ಎಂಬವರು ವಿದ್ಯೆಯಿಂದ ಬದುಕುವವರು. ಗೆವೆರ್ಬೆ ಎಂಬ ಗುಂಪಿನವರು ವ್ಯಾಪಾರದಿಂದ ಬದುಕುವವರು. ವಿದ್ಯಾವಂತರು ವ್ಯಾಪಾರ ಕಚೇರಿಯ ಮೆಟ್ಟಿಲು ಹತ್ತಬೇಕಿಲ್ಲ, ವ್ಯಾಪಾರ ತೆರಿಗೆ ಕಟ್ಟಬೇಕಿಲ್ಲ, ವಾಣಿಜ್ಯ ಮಂಡಳಿಯ ಸದಸ್ಯರಾಗಬೇಕಿಲ್ಲ. ಕೆಲಸ ಶುರುವಾದ ಒಂದು ತಿಂಗಳೊಳಗೆ ತೆರಿಗೆ ಕಚೇರಿಗೆ ತಿಳಿಸಿದರೆ ಸಾಕು. ವ್ಯಾಪಾರಿ ಮೊದಲು ನಗರಾಡಳಿತದಲ್ಲಿ ಶುಲ್ಕ ಕೊಟ್ಟು ಹೆಸರು ಬರೆಸಬೇಕು. ಲಾಭ ವರ್ಷಕ್ಕೆ 24,500 ಯೂರೋ ದಾಟಿದರೆ ವ್ಯಾಪಾರ ತೆರಿಗೆಯೂ ಉಂಟು.

ಯಾರು ಯಾವ ವರ್ಣ ಎನ್ನುವುದಕ್ಕೆ ಸ್ಮೃತಿ ಇದೆ: ಆದಾಯ ತೆರಿಗೆ ಕಾಯ್ದೆಯ 18ನೇ ಕಲಮು. ವೈದ್ಯ, ದಂತವೈದ್ಯ, ಪಶುವೈದ್ಯ, ವಕೀಲ, ಸರ್ವೇಯರು, ಎಂಜಿನಿಯರು, ವಾಸ್ತುಶಿಲ್ಪಿ, ಪತ್ರಕರ್ತ, ದುಭಾಷಿ, ಅನುವಾದಕ, ಕೊನೆಗೆ ಬಂದರಿನಲ್ಲಿ ಹಡಗಿಗೆ ದಾರಿ ತೋರಿಸುವ ಪೈಲಟ್. ಇವರಲ್ಲದೆ ಕಲೆ, ಬರವಣಿಗೆ, ಬೋಧನೆ ಮಾಡುವವರು, ಮತ್ತು ಪಟ್ಟಿಯಲ್ಲಿರುವವರಿಗೆ 'ಸಮಾನ'ರಾದವರು. ಈ 'ಸಮಾನ' ಎಂಬುದರ ಮೇಲೆ ಎಷ್ಟು ವಕೀಲರ ಮನೆ ಎದ್ದಿದೆಯೋ. ಎಂಜಿನಿಯರಿಂಗ್ ಪದವಿ ಇಲ್ಲದ ಪ್ರೋಗ್ರಾಮರು ಎಂಜಿನಿಯರಿಗೆ ಸಮಾನನೇ ಎಂಬ ಪ್ರಶ್ನೆ ಆ ದೇಶದ ಅತ್ಯುಚ್ಚ ತೆರಿಗೆ ನ್ಯಾಯಾಲಯದ ತನಕ ಹೋಗಿದೆ. ನಮ್ಮ ಕಡೆ ಎಂಜಿನಿಯರಿಂಗ್ ಪದವಿ ಪಡೆದು ಪ್ರೋಗ್ರಾಮರ್ ಆಗದವರೇ ಅಪರೂಪವಾದ್ದರಿಂದ ಈ ಜಿಜ್ಞಾಸೆ ನಮಗೆ ಹುಟ್ಟಲಿಲ್ಲ.

ನನ್ನ ಕುಲಗೋತ್ರ ವಿಚಾರಣೆ ಹೀಗೆ ನಡೆಯಿತು. ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡುತ್ತೇನೆ: ಪಟ್ಟಿಯಲ್ಲೇ ಇದೆ, ಉತ್ತಮ ಕುಲ. ಫೋಟೊ ತೆಗೆಯುತ್ತೇನೆ: ಯಾರಿಗೆ? ಪತ್ರಿಕೆಗೆ ವರದಿಯ ಫೋಟೊ ಆದರೆ ಉತ್ತಮ. ಕನ್ನಡ ಕೂಟದವರ ಮಗನ ಉಪನಯನದ ಫೋಟೊ ಆದರೆ ವ್ಯಾಪಾರ. ಅದೇ ಉಪನಯನದ ಫೋಟೊದಲ್ಲಿ 'ಕಲಾತ್ಮಕ ಸೃಜನಶೀಲತೆ' ಇದೆ ಎಂದು ಸಾಬೀತು ಮಾಡಿದರೆ ಮತ್ತೆ ಉತ್ತಮ. ವಟು ಭಿಕ್ಷೆ ಬೇಡುವಾಗ ಅಜ್ಜಿಯ ಕಿವಿಯೋಲೆಗೆ ಫೋಕಸ್ ಮಾಡಿ, ವಟುವನ್ನು ಮಸುಕು ಮಾಡಿದರೆ ಬಹುಶಃ ಕಲೆಯಾದೀತು. ಆದರೆ ವಟುವಿನ ಅಪ್ಪ ದುಡ್ಡು ಕೊಡುವುದಿಲ್ಲ.

ಇಷ್ಟರಲ್ಲೇ ನಿಲ್ಲಿಸಬಹುದಿತ್ತು. ಆದರೆ ಹೆಂಡತಿ, "ರೀ, ನಿಮ್ಮ ಪುಳಿಯೋಗರೆ ಗೊಜ್ಜನ್ನ ನಮ್ಮ ಆಫೀಸಿನೋರೆಲ್ಲ ಕೇಳ್ತಿದ್ದಾರೆ, ಬಾಟಲಿಗೆ ಹಾಕಿ ಮಾರಬಹುದಲ್ವಾ" ಎಂದಳು. ಅಲ್ಲಿಂದ ನನ್ನ ಪತನ ಶುರು.

ಗೊಜ್ಜು ಮಾರಿದರೆ ವ್ಯಾಪಾರ, ಅದರಲ್ಲಿ ಸಂಶಯವಿಲ್ಲ. ಅದಕ್ಕೂ ಮೊದಲು ಆರೋಗ್ಯ ಇಲಾಖೆಯವರ ಬಳಿ ಸಾಂಕ್ರಾಮಿಕ ರೋಗಗಳ ಬಗ್ಗೆ ಉಪದೇಶ ಕೇಳಿ ಪ್ರಮಾಣಪತ್ರ ತರಬೇಕು. ಬಾಟಲಿಯ ಮೇಲೆ ಅಲರ್ಜಿಯ ಪದಾರ್ಥಗಳನ್ನು ಎದ್ದು ಕಾಣುವಂತೆ ಅಚ್ಚು ಹಾಕಬೇಕು. ಯೂರೋಪ್ ಒಕ್ಕೂಟ ಅಂಥ 14 ಪದಾರ್ಥಗಳ ಪಟ್ಟಿ ಮಾಡಿದೆ. ಕಡಲೆಕಾಯಿ ಅದರಲ್ಲಿದೆ. ಎಳ್ಳು ಇದೆ. ಸಾಸಿವೆ ಇದೆ. ಅಂಗಡಿಯ ಇಂಗಿನ ಡಬ್ಬಿಯಲ್ಲಿ ಇಂಗಿಗಿಂತ ಹೆಚ್ಚಾಗಿ ಇರುವ ಗೋಧಿ ಹಿಟ್ಟೂ ಇದೆ. ಮೇಲುಕೋಟೆಯಲ್ಲಿ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ತಿನ್ನುವ ವಸ್ತು ಬ್ರಸೆಲ್ಸ್‌ನವರ ಕಣ್ಣಿಗೆ ಎಚ್ಚರಿಕೆಗಳ ಮೊತ್ತ. ಹುಣಸೆಹಣ್ಣೊಂದೇ ನಿರಪರಾಧಿ.

ಹಾಗಾದರೆ ಗೊಜ್ಜು ಮಾಡುವುದನ್ನು ಹೇಳಿಕೊಟ್ಟರೆ? ಅದು ಬೋಧನೆ. ಬೋಧನೆ ಉತ್ತಮ ಕುಲ. ಅದೇ ಬಾಣಲೆ, ಅದೇ ಒಗ್ಗರಣೆ, ಅದೇ ನಾನು. ಬಾಯಿಬಿಟ್ಟು ವಿವರಿಸಿದರೆ ಗುರು, ಸುಮ್ಮನೆ ಬಾಟಲಿಗೆ ತುಂಬಿದರೆ ವ್ಯಾಪಾರಿ. ತರಗತಿ ಮುಗಿದ ಮೇಲೆ ಉಳಿದ ಗೊಜ್ಜನ್ನು ವಿದ್ಯಾರ್ಥಿಯೊಬ್ಬ ದುಡ್ಡು ಕೊಟ್ಟು ಕೊಂಡೊಯ್ದರೆ, ಅಡುಗೆಮನೆಯ ಬಾಗಿಲು ದಾಟುವಷ್ಟರಲ್ಲಿ ನನಗೆ ವರ್ಣಾಂತರವಾಗಿರುತ್ತದೆ. ಎರಡನ್ನೂ ಮಾಡಬಹುದು, ಲೆಕ್ಕ ಬೇರೆ ಬೇರೆ ಇಡಬೇಕು ಎಂದು ತೆರಿಗೆ ಸಲಹೆಗಾರರೊಬ್ಬರು ಹೇಳಿದರು. ಕರಿಬೇವು ಯಾವ ಲೆಕ್ಕಕ್ಕೆ ಎಂದು ಕೇಳಲಿಲ್ಲ. ಅವರ ಶುಲ್ಕ ಗಂಟೆಯ ಲೆಕ್ಕದ್ದು.

ಗುರುವಾಗುವುದೂ ಪುಕ್ಕಟೆಯಲ್ಲ. ಸ್ವಂತವಾಗಿ ಪಾಠ ಹೇಳುವವನು, ಕೈಕೆಳಗೆ ನೌಕರರಿಲ್ಲದವನು, ಒಂದು ಮಿತಿ ದಾಟಿ ದುಡಿದರೆ ಸರ್ಕಾರಿ ಪಿಂಚಣಿ ನಿಧಿಗೆ ಕಟ್ಟಲೇಬೇಕು: ಲಾಭದ 18.6 ಶೇಕಡ, ಪೂರ್ತಿ ಅವನ ಜೇಬಿನಿಂದ. ಅನುವಾದಕನಿಗೆ ಈ ಕಡ್ಡಾಯವಿಲ್ಲ. ಕನ್ನಡದ ವಾಕ್ಯವನ್ನು ನಾನೇ ಇಂಗ್ಲಿಷಿಗೆ ತಂದರೆ ಮುಪ್ಪಿನ ಚಿಂತೆ ನನ್ನದು; ತರುವುದು ಹೇಗೆಂದು ಇನ್ನೊಬ್ಬನಿಗೆ ಕಲಿಸಿದರೆ ನನ್ನ ಮುಪ್ಪಿನ ಚಿಂತೆ ಜರ್ಮನಿಯದು. ಕಲಾವಿದರಿಗೂ ಬರಹಗಾರರಿಗೂ ವಿಲ್‌ಹೆಲ್ಮ್ಸ್‌ಹಾಫನ್ ಎಂಬ ಊರಿನಲ್ಲಿ ಒಂದು ವಿಮಾ ನಿಧಿ ಇದೆ; ನೌಕರನಿಗೆ ಧಣಿ ಅರ್ಧ ಕಟ್ಟುವಂತೆ ಇವರ ವಿಮೆಯ ಅರ್ಧವನ್ನು ಅದು ಹೊರುತ್ತದೆ. ಒಳ್ಳೆಯ ಏರ್ಪಾಟು, ಹೊಟ್ಟೆಯುರಿಯಿಂದ ಹೇಳುತ್ತಿಲ್ಲ. ಸೇರಬೇಕಾದರೆ ಕಲೆಯಿಂದ ದುಡ್ಡು ಬರುತ್ತಿದೆ ಎಂದು ಕಾಗದ ತೋರಿಸಬೇಕು. ಕನ್ನಡದಲ್ಲಿ ಬರೆಯುವವರು ಆ ಕಾಗದವನ್ನು ಎಲ್ಲಿಂದ ತರುವುದು?

ಇನ್ನು ನೋಂದಣಿ. ಬಾಡಿಗೆ ಮನೆಗೆ ಬಂದು ಸೇರಿದ ಎರಡು ವಾರದೊಳಗೆ ವಿಳಾಸ ದಾಖಲಿಸಬೇಕು, ಅದಕ್ಕೆ ಮನೆ ಮಾಲೀಕರ ಪತ್ರ ಬೇಕು. ವಿಳಾಸ ದಾಖಲಾದರೆ ಅಂಚೆಯಲ್ಲಿ 11 ಅಂಕೆಯ ತೆರಿಗೆ ಗುರುತು ಸಂಖ್ಯೆ ಬರುತ್ತದೆ. ಅದು ಸಾಯುವ ತನಕ ಬದಲಾಗುವುದಿಲ್ಲ. ಅದನ್ನು ಹಿಡಿದು ಬಿಲ್ಲು ಬರೆಯೋಣವೆಂದರೆ ಬೇಕಾದದ್ದು ತೆರಿಗೆ ಸಂಖ್ಯೆ, ಅದು ಬೇರೆ. ಇನ್ನೊಂದು ಕಚೇರಿಯ ವ್ಯಾಪ್ತಿಗೆ ಮನೆ ಬದಲಾಯಿಸಿದರೆ ಅದೂ ಬದಲಾಗುತ್ತದೆ. ಯೂರೋಪ್ ಒಕ್ಕೂಟದ ಬೇರೆ ದೇಶದವರ ಜೊತೆ ವ್ಯವಹಾರವಿದ್ದರೆ ಮೌಲ್ಯವರ್ಧಿತ ತೆರಿಗೆಯ ಸಂಖ್ಯೆ. ಇವೆಲ್ಲ ಸಾಲವೆಂದು 2024ರ ನವೆಂಬರಿನಿಂದ ಹಂತಹಂತವಾಗಿ ಉದ್ಯಮ ಸಂಖ್ಯೆ ಎಂಬ ಇನ್ನೊಂದನ್ನು ಹಂಚುತ್ತಿದ್ದಾರೆ. ಇವು ಯಾವುವೂ ಬರುವ ಮೊದಲೇ ರೇಡಿಯೊ-ಟಿವಿ ಶುಲ್ಕದ ಕಾಗದ ಬಂದಿತ್ತು. ಮನೆಗೆ ತಿಂಗಳಿಗೆ 18.36 ಯೂರೋ, ಟಿವಿ ಇರಲಿ ಬಿಡಲಿ. ಕೊಡಬೇಕಾದ್ದರಲ್ಲಿ ನಿಧಾನ, ಪಡೆಯಬೇಕಾದ್ದರಲ್ಲಿ ಚುರುಕು. ಇಷ್ಟರ ಮಟ್ಟಿಗೆ ನನಗೆ ಊರಿನಲ್ಲೇ ಇದ್ದ ಹಾಗಾಯಿತು.

ತೆರಿಗೆ ಸಂಖ್ಯೆಗೆ ಒಂದು ಪ್ರಶ್ನಾವಳಿ ತುಂಬಬೇಕು. 2021ರಿಂದ ಅದು ಕಡ್ಡಾಯವಾಗಿ ಎಲ್‌ಸ್ಟರ್ ಎಂಬ ಸರ್ಕಾರಿ ಜಾಲತಾಣದಲ್ಲೇ. ಈ ಡಿಜಿಟಲ್ ಬಾಗಿಲು ತೆರೆಯುವ ಗುಟ್ಟಿನ ಸಂಕೇತ ಅಂಚೆಯವನ ಚೀಲದಲ್ಲಿ ಬರುತ್ತದೆ. 2022ರ ಕೊನೆಯೊಳಗೆ 575 ಬಗೆಯ ಸರ್ಕಾರಿ ಸೇವೆಗಳನ್ನು ಆನ್‌ಲೈನಿಗೆ ತರುತ್ತೇವೆಂದು 2017ರಲ್ಲಿ ಕಾನೂನು ಮಾಡಿಕೊಂಡ ದೇಶ ಅದು. 2022 ಬಂತು, ಹೋಯಿತು. ಬೆಂಗಳೂರಿನಲ್ಲಿ ಹೂ ಮಾರುವವಳು ಕ್ಯೂಆರ್ ಕೋಡ್ ತೋರಿಸುತ್ತಾಳೆ ಎಂದು ಅಲ್ಲಿ ಹೇಳಿದರೆ ಸೌಜನ್ಯಕ್ಕೆ ತಲೆಯಾಡಿಸುತ್ತಾರೆ, ನಂಬುವುದಿಲ್ಲ.

ಪ್ರಶ್ನಾವಳಿಯಲ್ಲಿ ಧರ್ಮದ ಕಾಲಂ ಇದೆ. ಚರ್ಚಿನ ಸದಸ್ಯರಾದವರ ಆದಾಯ ತೆರಿಗೆಯ ಮೇಲೆ 8 ಅಥವಾ 9 ಶೇಕಡ ಚರ್ಚ್ ತೆರಿಗೆ ಹಿಡಿಯಲು. ಹುಂಡಿಗೆ ಮನಸ್ಸು ಬಂದಷ್ಟು ಹಾಕುವ ಧರ್ಮದಲ್ಲಿ ಹುಟ್ಟಿದ್ದಕ್ಕೆ ಜೀವನದಲ್ಲಿ ಮೊದಲ ಸಲ ಲೆಕ್ಕಾಚಾರದ ಹೆಮ್ಮೆಪಟ್ಟೆ. ಮುಂದಿನ ಪ್ರಶ್ನೆ: ಈ ವರ್ಷ ನಿಮ್ಮ ಲಾಭ ಎಷ್ಟಾಗಬಹುದು? ಮುಂದಿನ ವರ್ಷ ಎಷ್ಟು? ಒಬ್ಬ ಗಿರಾಕಿಯೂ ಇಲ್ಲದವನನ್ನು ಕೇಳುವ ಪ್ರಶ್ನೆಯೇ ಇದು! ಸೋದರಮಾವನಿಗೆ ಕೇಳಿಸಲಿ ಎಂಬ ಹುಮ್ಮಸ್ಸಿನಲ್ಲಿ ದೊಡ್ಡ ಅಂಕಿ ಬರೆದರೆ, ಮೂರು ತಿಂಗಳಿಗೊಮ್ಮೆ ಮುಂಗಡ ತೆರಿಗೆ ಕಟ್ಟಿ ಎಂದು ಆದೇಶ ಬರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮಲ್ಲಿ ನಗೆಪಾಟಲು. ಅಲ್ಲಿ ಆ ಕುಲಾವಿಯ ಅಳತೆ ತಗೊಂಡು ಕೂಸಿಗೆ ತೆರಿಗೆ ಹಾಕುತ್ತಾರೆ. ತೀರ ಸಣ್ಣ ಅಂಕಿ ಬರೆದರೆ, ಇದು ಕಸುಬೋ ಹವ್ಯಾಸವೋ ಎಂಬ ಅನುಮಾನ. ಹಿಂದಿನ ವರ್ಷದ ವಹಿವಾಟು 25,000 ಯೂರೋ ಒಳಗಿದ್ದರೆ 'ಸಣ್ಣ ಉದ್ಯಮಿ' ಎನಿಸಿಕೊಂಡು ಬಿಲ್ಲಿನಲ್ಲಿ 19 ಶೇಕಡ ತೆರಿಗೆ ಸೇರಿಸದೆ ಇರಬಹುದು. ಇದೊಂದು ಚೌಕದಲ್ಲಿ ಮಾತ್ರ ನಾನು ಒಂದು ಕ್ಷಣವೂ ಯೋಚಿಸದೆ ಗುರುತು ಹಾಕಿದೆ.

ಕನ್ನಡ ಕೂಟದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಲಹೆ ಕೇಳಿದೆ. ಒಬ್ಬರು "ತುಂಬಾ ಈಜಿ, ಹತ್ತು ನಿಮಿಷ" ಎಂದರು. ಅವರು ಸಂಬಳದ ಕೆಲಸದಲ್ಲಿದ್ದಾರೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ಬರೀ ಕಿರಿಕಿರಿ. ಕಾಗದ ತುಂಬುವ ಕಷ್ಟ ಯಾವ ದೇಶದಲ್ಲಿಲ್ಲ? ನಿಜವಾದ ಮಸಲತ್ತು ಇರುವುದು ಆರೋಗ್ಯ ವಿಮೆಯಲ್ಲಿ. ಜರ್ಮನಿಯ ಸಾರ್ವಜನಿಕ ವಿಮೆಯಲ್ಲಿ ದುಡಿಯುವ ಹೆಂಡತಿಯ ಜೊತೆಗೆ ದುಡಿಯದ ಗಂಡನಿಗೆ ರಕ್ಷಣೆ ಉಚಿತ. ಹಲ್ಲುನೋವು, ಸೊಂಟನೋವು, ಆಪರೇಷನ್ನು, ಎಲ್ಲ ಅವಳ ಕಂತಿನಲ್ಲೇ. ಷರತ್ತು ಒಂದೇ: ಗಂಡ ಹೆಚ್ಚು ದುಡಿಯಬಾರದು. 2025ರಲ್ಲಿ ಆ ಮಿತಿ ತಿಂಗಳಿಗೆ 535 ಯೂರೋ ಇತ್ತು. ಅದನ್ನು ದಾಟಿದರೆ, ಅಥವಾ ಸ್ವಂತ ಕಸುಬೇ ಅವನ ಮುಖ್ಯ ಉದ್ಯೋಗ ಎಂದು ವಿಮಾ ಸಂಸ್ಥೆಗೆ ಅನ್ನಿಸಿದರೆ, ಅವನು ಸ್ವಂತ ಕಂತು ಕಟ್ಟಬೇಕು. ನಿನ್ನ ಆದಾಯ ಎಷ್ಟೇ ಕಡಿಮೆ ಇರಲಿ, ಕನಿಷ್ಠ ಇಷ್ಟಾದರೂ ದುಡಿಯುತ್ತೀಯ ಎಂದು ಅವರೇ ಒಂದು ಮೊತ್ತ ಊಹಿಸಿಕೊಂಡು ಅದರ ಮೇಲೆ ಹಾಕುತ್ತಾರೆ. ಆ ವರ್ಷ ತಿಂಗಳಿಗೆ ಇನ್ನೂರೈವತ್ತು ಯೂರೋ ಆಸುಪಾಸು.

ಅಂದರೆ ಆಗ 535 ದುಡಿದವನ ಕೈಯಲ್ಲಿ 535 ಉಳಿಯುತ್ತಿತ್ತು. 536 ದುಡಿದವನ ಕೈಯಲ್ಲಿ ಇನ್ನೂರೆಂಬತ್ತರ ಚಿಲ್ಲರೆ. ಒಂದೇ ಒಂದು ಯೂರೋ ದುರಾಸೆಗೆ ಇಷ್ಟು ದೊಡ್ಡ ದಂಡ ಗರುಡಪುರಾಣದಲ್ಲೂ ಇರಲಿಕ್ಕಿಲ್ಲ. ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡುತ್ತೀರಿ ಎಂದೂ ಕೇಳುತ್ತಾರೆ. ಊರಿನಲ್ಲಿದ್ದಾಗ ಹಗಲೂ ರಾತ್ರಿ ದುಡಿಯುತ್ತೇನೆ ಎಂದು ಸುಳ್ಳು ಹೇಳಿಕೊಂಡು ಓಡಾಡುತ್ತಿದ್ದವನು, ಅಲ್ಲಿ "ಇಲ್ಲ ಸ್ವಾಮಿ, ನಾನು ಅಷ್ಟೇನೂ ಕೆಲಸ ಮಾಡುವುದಿಲ್ಲ" ಎಂದು ಲಿಖಿತವಾಗಿ ಬೇಡಿಕೊಳ್ಳಬೇಕು.

ತೆರಿಗೆಯದ್ದೂ ಇದೇ ರಾಗ. ಗಂಡ ಹೆಂಡಿರ ಆದಾಯ ಕೂಡಿಸಿ, ಎರಡು ಸಮಭಾಗ ಮಾಡಿ ತೆರಿಗೆ ಹಾಕುವ ಪದ್ಧತಿ ಅಲ್ಲಿ 1958ರಿಂದ ಇದೆ. ಒಬ್ಬರು ತುಂಬ ದುಡಿದು ಇನ್ನೊಬ್ಬರು ಏನೂ ದುಡಿಯದಿದ್ದರೆ ಲಾಭ ಅತಿ ಹೆಚ್ಚು. ಹಾಗಾಗಿ ನಾನು ಸೋಫಾದ ಮೇಲೆ ಮಲಗಿದ್ದಷ್ಟು ದಿನ ಮನೆಗೆ ಸಾವಿರಾರು ಯೂರೋ ಉಳಿಸುವ ಯಜಮಾನ. ಎದ್ದು ಒಂದು ಅನುವಾದ ಮುಗಿಸಿದೆನೋ, ನನ್ನ ಮೊದಲ ಯೂರೋ ಕೂಡ ಅವಳ ಸಂಬಳದ ಹೆಗಲೇರಿ ನಿಂತು ಅಲ್ಲಿನ ದರದಲ್ಲೇ ತೆರಿಗೆ ಕಟ್ಟುತ್ತದೆ. ದುಡಿಯಬಹುದು ಎಂದು ಹೇಳಿದ್ದು ವಿದೇಶಿಯರ ಕಚೇರಿ. ದುಡಿದರೆ ನಷ್ಟ ಎಂದು ತೋರಿಸುವುದು ವಿಮೆ ಮತ್ತು ತೆರಿಗೆ. ಈ ಲೆಕ್ಕವನ್ನು ಎಪ್ಪತ್ತು ವರ್ಷದ ಹಿಂದೆ ಯಾರೋ ಗಂಡಸರು ಹೆಂಗಸರನ್ನು ಮನೆಯಲ್ಲಿರಿಸಲು ಹಾಕಿದ್ದಿರಬೇಕು. ಅದರೊಳಗೆ ಮೈಸೂರು ಕಡೆಯ ಗಂಡಸೊಬ್ಬ ಬಂದು ಬೀಳುತ್ತಾನೆಂದು ಅವರಿಗಾದರೂ ಹೇಗೆ ಗೊತ್ತಿರಬೇಕು.

ಅಕಸ್ಮಾತ್ ಒಬ್ಬ ಒಳ್ಳೆಯ ಗಿರಾಕಿ ಸಿಕ್ಕಿ, ತಿಂಗಳು ತಿಂಗಳೂ ಕೆಲಸ ಕೊಟ್ಟರೆ? ಆಗ ಹೊಸ ಸಂಶಯ: ಇವನು ಸ್ವತಂತ್ರನೋ, ವೇಷ ಹಾಕಿದ ನೌಕರನೋ? ಗಿರಾಕಿಗಳೇ ಇಲ್ಲದಿದ್ದರೆ ಹವ್ಯಾಸಿ, ಒಬ್ಬನೇ ಇದ್ದರೆ ಸೋಗಿನವನು.

ಮದುವೆಯ ವಿಷಯವನ್ನೂ ಹೇಳಿಬಿಡುತ್ತೇನೆ. ನನ್ನ ವಾಸದ ಹಕ್ಕು ನಿಂತಿರುವುದು ದಾಂಪತ್ಯದ ಮೇಲೆ. ಜರ್ಮನಿಯಲ್ಲಿ ಮೂರು ವರ್ಷ ಜೊತೆಯಾಗಿ ಸಂಸಾರ ಮಾಡಿದ ಮೇಲೆ ಮಾತ್ರ, ಮದುವೆ ಮುರಿದರೂ ಸ್ವಂತವಾಗಿ ಉಳಿಯುವ ಹಕ್ಕು ಹುಟ್ಟುತ್ತದೆ. ಹಿಂಸೆ ಅನುಭವಿಸಿದವರಿಗೆ ಇದರಿಂದ ವಿನಾಯಿತಿ ಇದೆ, ಇರಬೇಕಾದದ್ದೇ. ನಮ್ಮಂಥ ಸಾಮಾನ್ಯ ಜಗಳಗಂಟರಿಗೆ ಇಲ್ಲ. ಹಾಗಾಗಿ ನನ್ನ ಉದ್ಯಮದ ಮೂಲ ಬಂಡವಾಳ ಹೆಂಡತಿಯ ಮೂಡು. ಪಾತ್ರೆ ತೊಳೆಯುವ ಸರದಿ ಯಾರದೆಂಬ ವಾದದಲ್ಲಿ ನಾನು ಈಚೆಗೆ ಸುಲಭವಾಗಿ ಸೋಲುತ್ತೇನೆ. ಅತ್ತೆಯವರಿಗೆ ಇದರಿಂದ ಸಂತೋಷವಾಗಿದೆ: "ಅಳಿಯಂದಿರು ಜರ್ಮನಿಗೆ ಹೋದ್ಮೇಲೆ ಎಷ್ಟು ಬದಲಾಗಿದಾರೆ!"

ಕೊನೆಗೂ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬಂತು. ಅದೇ ವಾರ ಬೆಂಗಳೂರಿನ ಒಂದು ಕಂಪನಿಯ ಅನುವಾದ ಮುಗಿಸಿ, ಸಂಖ್ಯೆ, ದಿನಾಂಕ, ಸಣ್ಣ ಉದ್ಯಮಿಯ ವಿನಾಯಿತಿಯ ಷರಾ ಎಲ್ಲ ಹಾಕಿ ಬಿಲ್ಲು ಕಳಿಸಿದೆ. ದುಡ್ಡು ಜಮೆಯಾಗಬೇಕಾದ ಖಾತೆ ಹೆಂಡತಿ ತೆರೆದದ್ದು, ನಾನು ಆಮೇಲೆ ಸೇರಿಕೊಂಡವನು. ಮೊದಲ ಹೆಸರು ಅವಳದು. ಅಕೌಂಟ್ಸ್ ವಿಭಾಗದ ಹುಡುಗ ಫೋನ್ ಮಾಡಿದ.

"ಸಾರ್, ಬಿಲ್ಲು ನಿಮ್ಮ ಹೆಸರಲ್ಲಿದೆ, ಅಕೌಂಟು ಮೇಡಂ ಹೆಸರಲ್ಲಿದೆ. ಸುಮ್ನೆ ತಲೆನೋವು ಯಾಕೆ ಸಾರ್, ಬಿಲ್ಲೂ ಮೇಡಂ ಹೆಸರಲ್ಲೇ ಕಳಿಸಿಬಿಡಿ."

"ಅವಳು ಮಾಡೋ ಹಾಗಿಲ್ಲಪ್ಪ," ಎಂದೆ. "ಅವಳಿಗೆ ಪರ್ಮಿಷನ್ ಇಲ್ಲ."

"ಮೇಡಂಗೆ ಇಲ್ವಾ? ವೀಸಾ ಅವರದೇ ಅಲ್ವಾ ಸಾರ್?"